ಟವರ್ ಕತ್ತರಿಸದೆ 390ಕ್ಕೆ ಹೆಡರ್ ಹಾಕಿದ್ದು: ನನ್ನ ಅನುಭವ

1967ರ ಮಸ್ಟಾಂಗ್, 390 ಘನ ಇಂಚಿನ ಎಂಜಿನ್, ಫೋರ್ ಸ್ಪೀಡ್, ಪವರ್ ಸ್ಟೀರಿಂಗ್. ಇದಕ್ಕೆ ಹೆಡರ್, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಹೊಗೆ ಪೈಪು, ಹಾಕ್ತೀನಿ ಅಂದಾಗ ಡೆಟ್ರಾಯಿಟ್ ಸುತ್ತಮುತ್ತಲ ಕಾರು ಹುಚ್ಚರೆಲ್ಲ ನಕ್ಕರು. ಎಂಜಿನ್ ಇಳಿಸಲೇಬೇಕು ಅಂತ ಒಬ್ಬ, ಎಂಜಿನ್ನಿನ ಎರಡೂ ಪಕ್ಕ ಮುಂದಿನ ಸಸ್ಪೆನ್ಷನ್ ಹಿಡಿದಿರುವ ಶಾಕ್ ಟವರ್ ಕತ್ತರಿಸಿ ಮುಂದಿನ ಸಸ್ಪೆನ್ಷನ್ನೇ ಬದಲಾಯಿಸು ಅಂತ ಇನ್ನೊಬ್ಬ. ಒಂದು ವರ್ಕ್‌ಶಾಪಿನವರು ಅದಕ್ಕೆ ಮೂರೂವರೆ ಸಾವಿರ ಡಾಲರ್ ಅಂದಾಜು ಕೊಟ್ಟರು. ತೀರ್ಥಹಳ್ಳಿಯ ಗೆಳೆಯನಂತೂ, "ಹಳೇ ಮ್ಯಾನಿಫೋಲ್ಡಲ್ಲೇ ಓಡ್ಸು ಮಾರಾಯ, ನೀ ಎಂಥ ರೇಸಿಗೆ ಹೋಗ್ಲಿಕ್ಕುಂಟಾ" ಅಂದ. ಮ್ಯಾನಿಫೋಲ್ಡ್ ಅಂದರೆ ಕಾರಿನ ಜೊತೆ ಬಂದ ಎರಕದ ಹೊಗೆ ಕೊಳವೆ. ಎಂಜಿನ್ ಇಳಿಸಲಿಲ್ಲ, ಟವರಿಗೆ ಗರಗಸ ಮುಟ್ಟಿಸಲಿಲ್ಲ. ಹೆಡರ್ ಕೂತಿದೆ, ಎಲ್ಲೂ ಸೋರುತ್ತಿಲ್ಲ.

ಈ ದಪ್ಪ ಎಂಜಿನ್ ಹಿಡಿಸಲೆಂದೇ ಫೋರ್ಡ್‌ನವರು ಆ ವರ್ಷ ಕಾರನ್ನು ಎರಡೂವರೆ ಇಂಚಿಗಿಂತ ಚೂರು ಹೆಚ್ಚೇ ಅಗಲ ಮಾಡಿದ್ದು. ಆದರೂ ಎಂಜಿನ್ ಹೆಡ್ಡಿಗೂ ಟವರಿಗೂ ನಡುವೆ ಕೈ ಹೋದರೆ ಸ್ಪ್ಯಾನರ್ ಹೋಗಲ್ಲ, ಸ್ಪ್ಯಾನರ್ ಹೋದರೆ ತಿರುಗಲ್ಲ. ಡ್ರೈವರ್ ಕಡೆ ಇನ್ನೂ ಕಿರಿಕಿರಿ: ಸ್ಟೀರಿಂಗ್ ಬಾಕ್ಸ್, ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ ಝಡ್ ಬಾರ್, ಆಯಿಲ್ ಫಿಲ್ಟರ್ ಎಲ್ಲ ಅಲ್ಲೇ ಜಾಗ ಹಿಡಿದಿವೆ.

ಮೊದಲು ತಂದದ್ದು ಮುನ್ನೂರು ಡಾಲರಿನ ಆಸುಪಾಸಿನ ಲಾಂಗ್ ಟ್ಯೂಬ್ (ಉದ್ದ ಪೈಪಿನ) ಸೆಟ್. ಅದರ ಫ್ಲ್ಯಾಂಜ್, ಅಂದರೆ ಎಂಜಿನ್ನಿಗೆ ಬೋಲ್ಟ್ ಆಗುವ ಚಪ್ಪಟೆ ಪಟ್ಟಿ, ವೆಲ್ಡಿಂಗ್ ಬಿಸಿಗೆ ಸೊಟ್ಟಗಾಗಿತ್ತು. ಗಾಜಿನ ಹಲಗೆ ಮೇಲಿಟ್ಟರೆ ಸಂದು ಅಳೆಯುವ ಫೀಲರ್ ಗೇಜಿನ ದಪ್ಪ ಎಲೆಯೇ ಸಲೀಸಾಗಿ ತೂರುತ್ತಿತ್ತು. ಸ್ಟೀರಿಂಗ್ ರ‍್ಯಾಮ್ (ಚಕ್ರ ತಿರುಗಿಸಲು ನೆರವಾಗುವ ಸಿಲಿಂಡರ್) ಕೆಳಗಿಳಿಸುವ ಬ್ರ್ಯಾಕೆಟ್‌ಗೆ ಮತ್ತೆ ನೂರು ಡಾಲರ್. ಎಲ್ಲ ಬಿಗಿದು ಓಡಿಸಿದರೆ ಗ್ಯಾಸ್ಕೆಟ್ ಸುಟ್ಟು ಟಿಕ್ ಟಿಕ್ ಶಬ್ದ, ಪೈಪುಗಳೆಲ್ಲ ಕೂಡುವ ಕಲೆಕ್ಟರ್ ಪ್ರತಿ ಹಂಪಿಗೂ ಉಜ್ಜುತ್ತಿತ್ತು. ಗುಜರಿಗೆ ಹಾಕಿದೆ. ಆಮೇಲೆ ತಂದದ್ದು ದಪ್ಪ ಫ್ಲ್ಯಾಂಜಿನ, ಸೆರಾಮಿಕ್ ಕೋಟಿಂಗಿನ ಟ್ರೈ-ವೈ ಹೆಡರ್: ನಾಲ್ಕು ಪೈಪು ಮೊದಲು ಎರಡಾಗಿ, ಆಮೇಲೆ ಒಂದಾಗಿ ಸೇರುವಂಥದ್ದು. ಸಾವಿರದ ಹತ್ತಿರ ಬಿತ್ತು, ಸಾಗಣೆ ಬೇರೆ.

ಏನೇನು ಬಿಚ್ಚಬೇಕು ಅಂತ ನಿಮಗೆ ಗೊತ್ತಿದೆ, ಬರೆಯಲ್ಲ. ಸ್ಪಾರ್ಕ್ ಪ್ಲಗ್ಗು, ಸ್ಟಾರ್ಟರ್, ಝಡ್ ಬಾರ್ ಮಾತ್ರ ಮರೆಯದೆ ತೆಗೆಯಿರಿ. ಎಲ್ಲರೂ ಎಂಜಿನ್ನನ್ನು ನೇರ ಮೇಲಕ್ಕೆತ್ತುತ್ತಾರೆ. ನಾನು ಗೇರ್‌ಬಾಕ್ಸ್ ಮೌಂಟನ್ನೂ ಸಡಿಲಿಸಿ, ಹಾಯ್ಸ್ಟಿನಲ್ಲಿ ಮೂರು ಇಂಚು ಎತ್ತಿ, ಪ್ಯಾಸೆಂಜರ್ ಕಡೆಗೆ ಒಂದಿಂಚು ಒತ್ತರಿಸಿದೆ. ಆ ಒಂದಿಂಚಲ್ಲೇ ಕೆಲಸ ಆಗೋದು. ಕಾರು ಸ್ಟ್ಯಾಂಡಿನ ಮೇಲೆ ಎತ್ತರಕ್ಕಿದ್ದರೆ ಡ್ರೈವರ್ ಕಡೆಯ ಹೆಡರ್ ಕೆಳಗಿಂದ ಮೇಲಕ್ಕೆ ಬರುತ್ತೆ. ಎಲ್ಲ ಬೋಲ್ಟಿಗೂ ಬರೀ ಕೈಯಲ್ಲೇ ಥ್ರೆಡ್ ಹಿಡಿಸಿ, ಹಿಂದಿನ ಎರಡು ಪೋರ್ಟಿನವನ್ನು ಎಂಜಿನ್ ಮೇಲಿರುವಾಗಲೇ ಬಿಗಿಯಿರಿ. ಇಳಿಸಿದ ಮೇಲೆ ಅವು ಕಣ್ಣಿಗೂ ಸಿಗಲ್ಲ.

ಬೋಲ್ಟು 3/8 ಇಂಚಿನವೇ, ಆದರೆ ಚಿಕ್ಕ ತಲೆಯವು ತಗೊಳ್ಳಿ. ಎಂಟನೇ ಸಿಲಿಂಡರಿನ ಕೆಳಗಿನ ಬೋಲ್ಟಿಗೆ ಒಂದು ರಿಂಗ್ ಸ್ಪ್ಯಾನರನ್ನು ಅರ್ಧಕ್ಕೆ ಕತ್ತರಿಸಿ, ಕಾಯಿಸಿ ಬಗ್ಗಿಸಿಕೊಂಡೆ. ಒಂದೊಂದು ಎಳೆತಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟೇ ತಿರುವು. ಬೆರಳಿನ ಗಂಟಿನ ಚರ್ಮ ಹೋಗಿಯೇ ಹೋಗುತ್ತೆ. ಸ್ಪ್ಯಾನರ್ ಎಷ್ಟು ಡಿಗ್ರಿ ಬಗ್ಗಿಸಿದೆ, ಝಡ್ ಬಾರ್ ವಾಪಸ್ ಯಾವ ವರಸೆಯಲ್ಲಿ ತೂರಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಮನೆಗೆ ಬಂದವರಿಗೆ ಕಾಫಿ ಕೊಟ್ಟು ತೋರಿಸ್ತೀನಿ.

ಗ್ಯಾಸ್ಕೆಟ್ ತಾಮ್ರದ್ದು, ಎರಡೂ ಬದಿಗೆ ಕಾಪರ್ ಸಿಲಿಕೋನಿನ ತೆಳು ಲೇಪ. ಇಪ್ಪತ್ತು ಅಡಿ-ಪೌಂಡ್ ಚಿಲ್ಲರೆ ಬಿಗಿ. ಬಿಸಿ ಮಾಡಿ, ಪೂರ್ತಿ ಆರಿಸಿ ಮತ್ತೆ ಬಿಗಿಯೋದನ್ನು ಸೋಮಾರಿತನಕ್ಕೆ ಬಿಡಬೇಡಿ. ಸೋರಿಕೆಯ ದೂರುಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟೋದು.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೀತು. ಒಂದು ಕಡೆಯ ಹೆಡರಿಗೆ ಕೋಟಿಂಗ್ ಮೇಲೆ ಶಾಖ ತಡೆಯುವ ಪಟ್ಟಿ (ವ್ರ್ಯಾಪ್) ಸುತ್ತಿ, ಇನ್ನೊಂದನ್ನು ಹಾಗೇ ಬಿಟ್ಟು, ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದೆ. ಸುತ್ತಿದ ಕಡೆ ಸ್ಪಾರ್ಕ್ ಪ್ಲಗ್ಗಿನ ಟೋಪಿಯ (ಬೂಟ್) ಹತ್ತಿರ ಅರವತ್ತು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಬಂತು. ಆದರೆ ಮಳೆಯಲ್ಲಿ ನೆಂದರೆ ಒಣಗಲ್ಲ, ಗಂಟೆಗಟ್ಟಲೆ ಹಬೆ, ಒಳಗೆ ಕೋಟಿಂಗ್ ಮಂಕು. ಬಿಚ್ಚಿ ಎಸೆದೆ. ಬೂಟುಗಳಿಗೆ ಶಾಖ ತಡೆಯುವ ತೋಳು ಹಾಕಿದ್ದೇ ಸಾಕಾಯ್ತು.

ಗುಜರಿಗೆ ಹೋದದ್ದೂ, ಪೈಪ್ ಜೋಡಿಸಿದವನ ಕೂಲಿಯೂ ಸೇರಿ ಸಾವಿರದ ಎಂಟುನೂರು ಡಾಲರ್ ಆಗಿರಬಹುದು. ಹಾಲಿ (Holley) ಕಂಪನಿಯ ಕಾರ್ಬುರೇಟರಿಗೆ ಪೆಟ್ರೋಲ್ ಹಾಯುವ ಜೆಟ್ ಎರಡು ಸೈಜ್ ಏರಿಸಬೇಕಾಯ್ತು. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಕಾರಿನ ವರಸೆಯೇ ಬೇರೆ. ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸಿನಲ್ಲಿ, ಅಂದರೆ ಡೆಟ್ರಾಯಿಟ್ ಕಡೆಯ ಹಳೇ ಕಾರುಗಳ ಮೆರವಣಿಗೆಯಲ್ಲಿ, ಬಾನೆಟ್ ತೆಗೆದು ನಿಲ್ಲಿಸಿದ್ದೆ. ಟವರ್ ಇದ್ದ ಹಾಗೇ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ ಹೋದವರಿದ್ದಾರೆ. ಹಳೇ ಮ್ಯಾನಿಫೋಲ್ಡ್ ಜೋಡಿಯನ್ನು ಒರಿಜಿನಲ್ಲೇ ಬೇಕು ಅನ್ನುವವನೊಬ್ಬ ಅಲ್ಲೇ ಇನ್ನೂರೈವತ್ತಕ್ಕೆ ಮಾತಾಡಿ ಮಾರನೇ ವಾರ ಬಂದು ಒಯ್ದ.