ಅಡಿಕೆ ತೋಟದಿಂದ ಆಟದ ರಂಗಸ್ಥಳದವರೆಗೆ: ಹಳೆಯ ಮ್ಯಾನುವಲ್ ಲೆನ್ಸ್ ಬಳಸುವ ಬಗೆ

ಹಳೆಯ ಲೆನ್ಸ್ ಕೊಳ್ಳುವಾಗ ಬ್ರಾಂಡ್ ನೋಡುವ ಮೊದಲು ಗಾಜಿನ ಒಳಗು ನೋಡಿ. ಅಪರ್ಚರ್ (ಬೆಳಕು ಒಳಬರುವ ರಂಧ್ರ) ಪೂರ್ತಿ ತೆರೆದು, ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ಇಣುಕಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಕಾಸರಗೋಡಿನಂಥ ಕರಾವಳಿಯಲ್ಲಿ ಬಹುಪಾಲು ಲೆನ್ಸುಗಳು ಹಾಳಾಗುವುದು ಇದರಿಂದಲೇ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಮಿನುಗಿದರೆ ಗಾಜುಗಳನ್ನು ಕೂಡಿಸಿದ ಅಂಟು ಬಿಟ್ಟಿದೆ ಎಂದರ್ಥ, ಅಂಥದ್ದನ್ನು ಬಿಟ್ಟುಬಿಡಿ. ಒಂದೆರಡು ಧೂಳಿನ ಕಣಕ್ಕೆ, ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಕಿಲ್ಲ. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರದಲ್ಲಿ ಕಾಣುತ್ತದೆ. ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ: ಎಲ್ಲೂ ಕರಕರ ಎನ್ನಬಾರದು, ಸಡಿಲವಾಗಿ ಅಲುಗಲೂಬಾರದು.

ಎರಡನೆಯ ಲೆಕ್ಕ ಹಳೆಯ ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಅಡಾಪ್ಟರಿನದು. ಲೆನ್ಸ್ ಕೂರುವ ಬಾಯಿಯಿಂದ ಸೆನ್ಸರಿನವರೆಗಿನ ದೂರ ಪ್ರತಿ ಮೌಂಟಿಗೂ (ಲೆನ್ಸ್ ಜೋಡಿಸುವ ಬಗೆಗೂ) ಬೇರೆ. ತಿರುಪಿನ ಹಳೆಯ ಮೌಂಟ್ ಎಂ42ಕ್ಕೆ 45.46 ಮಿ.ಮೀ., ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44, ಕ್ಯಾನನ್ ಎಫ್‌ಡಿಗೆ 42, ಸೋನಿ ಇಗೆ ಬರೀ 18. ಲೆನ್ಸಿನ ದೂರ ಕ್ಯಾಮೆರಾದ ದೂರಕ್ಕಿಂತ ಹೆಚ್ಚಿದ್ದರೆ ನಡುವಿನ ಅಂತರವನ್ನು ಅಡಾಪ್ಟರ್ ತುಂಬುತ್ತದೆ. ಕಡಿಮೆಯಿದ್ದರೆ ಬಹು ದೂರದ ಫೋಕಸ್, ಅಂದರೆ ಇನ್‌ಫಿನಿಟಿ ಸಿಗುವುದಿಲ್ಲ. ಹಾಗಾಗಿ ಎಂ42 ಲೆನ್ಸ್, ಒಳಗೆ ಕನ್ನಡಿಯಿರುವ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹೊಂದುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ದೂರದ ಗುಡ್ಡ ಎಂದೂ ಚೂಪಾಗದು. ಗಾಜಿರುವ ಅಡಾಪ್ಟರ್ ಈ ಕೊರತೆ ನೀಗಿಸುತ್ತದೆ, ಆದರೆ ಲೆನ್ಸಿನ ಗುಣವನ್ನೇ ಕೆಡಿಸುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಈ ತಲೆನೋವು ಬಹುತೇಕ ಇಲ್ಲ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ಅಪಾಯವಿದೆ: ಕೆಲವು ಲೆನ್ಸುಗಳ ಹಿಂಭಾಗ ಇನ್‌ಫಿನಿಟಿಯಲ್ಲಿ ಚಾಚಿಕೊಂಡು ಕನ್ನಡಿಗೆ ಬಡಿಯುತ್ತದೆ.

ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಆನ್ ಮಾಡಿ, ಇಲ್ಲದಿದ್ದರೆ ಹಲವು ಕ್ಯಾಮೆರಾಗಳು ಕ್ಲಿಕ್ಕೇ ಆಗುವುದಿಲ್ಲ. ಕ್ಯಾಮೆರಾ ಬಾಡಿಯಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇದ್ದರೆ ಫೋಕಲ್ ಲೆಂಗ್ತನ್ನು ಕೈಯಿಂದ ತುಂಬಿ. 58 ಎಂದಿದ್ದರೆ 58ನ್ನೇ, ಚಿಕ್ಕ ಸೆನ್ಸರಿನ ಕ್ರಾಪ್ ಅಂಶದಿಂದ ಗುಣಿಸದೆ. ಲೆನ್ಸಿನಲ್ಲಿ ಆಟೊ–ಮ್ಯಾನುವಲ್ ಸ್ವಿಚ್ ಇದ್ದರೆ ಮ್ಯಾನುವಲ್‌ಗೆ ತಳ್ಳಿ. ಮರೆತರೆ ರಿಂಗ್ ಎಷ್ಟು ತಿರುಗಿಸಿದರೂ ಅಪರ್ಚರ್ ತೆರೆದೇ ಇರುತ್ತದೆ.

ಫೋಕಸ್ ಮಾಡುವ ಕ್ರಮ ಹೀಗೆ: ಅಪರ್ಚರ್ ಪೂರ್ತಿ ತೆರೆಯಿರಿ, ಮ್ಯಾಗ್ನಿಫೈ ಮಾಡಿ, ಚೂಪಾದ ಜಾಗವನ್ನು ಸ್ವಲ್ಪ ದಾಟಿ ಹೋಗಿ, ಮತ್ತೆ ಹಿಂದೆ ತಿರುಗಿಸಿ ಅಲ್ಲೇ ನಿಲ್ಲಿಸಿ, ಆಮೇಲೆ ಬೇಕಾದ ಅಪರ್ಚರಿಗೆ ಇಳಿಸಿ. 58 ಮಿ.ಮೀ. ಎಫ್ 2ರ ಹಳೆಯ ಸೋವಿಯತ್ ಲೆನ್ಸ್ ಹೀಲಿಯೋಸ್ 44-2ರಲ್ಲಿ ಇದಕ್ಕೆಂದೇ ಎರಡು ರಿಂಗ್‌ಗಳಿವೆ. ಒಂದರಲ್ಲಿ ಎಫ್ 4 ಎಂದು ಮಿತಿ ಇಡಿ. ಇನ್ನೊಂದನ್ನು ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಮಿತಿಯವರೆಗೆ ಮುಚ್ಚಿ. ಹತ್ತಿರದ ವಸ್ತುವಾದರೆ ಕೊನೆಯ ಹೊಂದಾಣಿಕೆಯನ್ನು ರಿಂಗಿನಿಂದ ಮಾಡಬೇಡಿ, ಮೈಯನ್ನೇ ತುಸು ಮುಂದೆ ಹಿಂದೆ ವಾಲಿಸಿ. 2 ಮೀಟರ್ ದೂರದಲ್ಲಿ, ಫುಲ್ ಫ್ರೇಮ್‌ನಲ್ಲಿ, 58 ಮಿ.ಮೀ. ಎಫ್ 2ರ ಚೂಪು ವಲಯ ಸುಮಾರು 14 ಸೆಂ.ಮೀ. ಮಾತ್ರ.

ಈ ಲೆನ್ಸಿಗೆ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದೇ ಹೇಳಬೇಕು. ಹೀಲಿಯೋಸಿನ ಹೆಸರಾದ ಸುಳಿ (ಮಸುಕಾದ ಹಿನ್ನೆಲೆ ಸುತ್ತುವಂತೆ ಕಾಣುವುದು) ಎಲ್ಲ ಕಡೆ ಬರುವುದಿಲ್ಲ. ಹಿನ್ನೆಲೆಯಲ್ಲಿ ಎಲೆಗಳ ಸಂದಿಯಿಂದ ಇಣುಕುವ ಬೆಳಕಿನ ಚುಕ್ಕೆಗಳು ಬೇಕು. ಮಂದಿಯನ್ನೋ ಒಳ್ಳೆಮೆಣಸಿನ ಬಳ್ಳಿಯನ್ನೋ ಒಂದೂವರೆ ಮೀಟರಿನಲ್ಲಿ ಇಟ್ಟು, ಹಿಂದಿನ ಸೋಗೆಗಳು ಐದರಿಂದ ಹತ್ತು ಮೀಟರ್ ದೂರ ಇರುವಂತೆ ನಿಂತು, ಎಫ್ 2ರಲ್ಲಿ ತೆಗೆಯಿರಿ. ಹಿನ್ನೆಲೆ ತೀರಾ ದೂರವಾದರೆ ಸುಳಿ ಕರಗಿಹೋಗುತ್ತದೆ. ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಅಂಚುಗಳನ್ನು ಕತ್ತರಿಸುವುದರಿಂದ ಅಲ್ಲಿ ಸುಳಿ ಅರೆಬರೆ.

ಯಕ್ಷಗಾನಕ್ಕೆ 135 ಮಿ.ಮೀ. ಎಫ್ 2.8 ಸಾಕು. ಐಎಸ್‌ಒ 3200, ಶಟರ್ 1/250ರಿಂದ ಆರಂಭಿಸಿ. ಇಲ್ಲಿ ಚೂಪಾದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗನ್ನು ನಂಬಬೇಡಿ: ಕಿರೀಟದ ಮಿನುಗು, ಆಭರಣದ ಕನ್ನಡಿ ಚೂರುಗಳ ಮೇಲೆಲ್ಲ ಬಣ್ಣ ಹತ್ತಿಕೊಳ್ಳುತ್ತದೆ, ಕಣ್ಣು ಮಸುಕಾಗಿಯೇ ಉಳಿದಿರುತ್ತದೆ. ಮ್ಯಾಗ್ನಿಫೈ ಮಾಡಿ ಕಣ್ಣಿನ ಕಪ್ಪು ಗೆರೆಯ ಮೇಲೆ ಫೋಕಸ್ ಹಿಡಿಯಿರಿ. ಎಂಟು ಮೀಟರಿನಿಂದ ಎಫ್ 2.8ರಲ್ಲಿ ಸುಮಾರು 60 ಸೆಂ.ಮೀ. ಚೂಪಾಗಿ ಸಿಗುತ್ತದೆ, ಹಾಗಾಗಿ ರಥದ (ರಂಗಸ್ಥಳದ ಆಸನದ) ಮುಂದಿನ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ವೇಷ ಅಲ್ಲಿಗೆ ಬರುವವರೆಗೆ ಕಾಯುವುದೇ ಸರಿ. ಧೀಂಗಿಣ (ಗಿರಗಿರ ತಿರುಗುವ ಕುಣಿತ) ಹಾಕುತ್ತಿರುವಾಗ ರಿಂಗ್ ಹಿಡಿದು ಬೆನ್ನಟ್ಟಿ ಪ್ರಯೋಜನವಿಲ್ಲ. ತಿರುಗಿ ಮುಗಿಸಿ ಪಾದ ಊರುವ ಕ್ಷಣಕ್ಕೆ ಕ್ಲಿಕ್ ಮಾಡಿ. ಎಲ್‌ಇಡಿ ದೀಪದಿಂದ ಪಟ್ಟೆ ಬಿದ್ದರೆ ಮೆಕ್ಯಾನಿಕಲ್ ಶಟರ್ ಬಳಸಿ, ವೇಗವನ್ನು 1/100ಕ್ಕೆ ಇಳಿಸಿ.

ಬೇಕಲ ಕೋಟೆಯ ಮುರಕಲ್ಲಿನ ಗೋಡೆ ಹೊಸ ಲೆನ್ಸಿನ ಪರೀಕ್ಷೆಗೆ ಬಲು ಅನುಕೂಲ. ಗೋಡೆಗೆ ಸಮಾನಾಂತರವಾಗಿ ನಿಂತು ಎಫ್ 2.8 ಮತ್ತು ಎಫ್ 8ರಲ್ಲಿ ತೆಗೆದು ನಾಲ್ಕು ಮೂಲೆ ಹೋಲಿಸಿ. ಒಂದೇ ಮೂಲೆ ಮಸುಕಾದರೆ ಲೆನ್ಸಿನ ಗಾಜು ಓರೆಯಾಗಿ ಕೂತಿದೆ. ಸಂಜೆ ಸಮುದ್ರದ ಕಡೆ ತಿರುಗಿದಾಗ ಹಳೆಯ ಕೋಟಿಂಗ್ ಬೆಳಕನ್ನು ತಡೆಯದೆ ಚಿತ್ರ ಬಿಳಚುತ್ತದೆ. ಹೀಲಿಯೋಸ್ 44-2ಕ್ಕೆ 49 ಮಿ.ಮೀ. ರಬ್ಬರ್ ಹುಡ್ ಹಾಕಿ, ಸೂರ್ಯನನ್ನು ಚೌಕಟ್ಟಿನಿಂದ ಸ್ವಲ್ಪ ಹೊರಗಿಡಿ. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ; ಫೋಕಸ್ ರಿಂಗಿನ ಎಳೆಗಳಿಗೆ ಒಂದು ಕಣ ಹೊಕ್ಕರೂ ಅದನ್ನು ಬಿಚ್ಚದೆ ತೆಗೆಯಲಾಗದು.

ಇನ್ನು ಮಳೆಗಾಲ. ಚರ್ಮದ ಕೇಸಿನಲ್ಲಿ, ಮರದ ಕಪಾಟಿನಲ್ಲಿ ಲೆನ್ಸ್ ಇಟ್ಟರೆ ತುಳು ತಿಂಗಳು ಆಟಿ ಮುಗಿಯುವುದರೊಳಗೆ ಫಂಗಸ್ ಹಿಡಿದೀತು. ಹತ್ತು ಲೀಟರಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, 200ರಿಂದ 250 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ: ಇಷ್ಟು ಸಾಕು. ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. 60 ದಾಟಿದರೆ ಜೆಲ್ ಬದಲಿಸಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಅಡುಗೆ ಪಾತ್ರೆಯ ಹತ್ತಿರ ತರಬಾರದು. ಬಣ್ಣ ಬದಲಾದ ಜೆಲ್ಲನ್ನು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ.