ಇಳಿಜಾರಿನಲ್ಲಿ ಕೈಕೊಡುತ್ತಿದ್ದ ಮೋಟಾರ್ ಬ್ರೇಕ್ ಸರಿಹೋದ ಬಗೆ

ಹಳೇ ಡೀಸೆಲ್ ಪಿಕಪ್. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಬೆಲ್ಟ್ ಮೂಲಕ ಮೋಟಾರ್ ಜೋಡಿಸಿದ್ದೇನೆ. ಬ್ಯಾಟರಿ ಸರಣಿಯಲ್ಲಿ ಜೋಡಿಸಿದ 24 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಬೆಳಿಗ್ಗೆ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ರೀಜೆನ್ ಬ್ರೇಕ್ (ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತಾ ಗಾಡಿ ನಿಧಾನಿಸುವುದು) ಏಕಾಏಕಿ ಬಿಟ್ಟುಹೋಗಿ ಗಾಡಿ ಮುಂದಕ್ಕೆ ನುಗ್ಗುತ್ತಿತ್ತು. ವಾಪಸ್ ಹತ್ತುವಾಗ ಏನೂ ತೊಂದರೆಯಿಲ್ಲ.

ಥ್ರಾಟಲ್ ಸೆನ್ಸರ್ ಬದಲಾಯಿಸಿದೆ. ದಪ್ಪ ಕೇಬಲ್ ಹಾಕಿದೆ. ಮೋಟಾರ್ ನಿಯಂತ್ರಿಸುವ ಕಂಟ್ರೋಲರ್‌ಗೆ ಫ್ಯಾನ್ ಕೂರಿಸಿದೆ. ಸುಮ್ನೆ ಖರ್ಚು.

ರಾತ್ರಿಯಿಡೀ ಚಾರ್ಜ್ ಆದ ಬ್ಯಾಟರಿಯಲ್ಲಿ ಘಾಟಿಯ ಕರೆಂಟಿಗೆ ಜಾಗ ಎಲ್ಲಿರುತ್ತದೆ? ಒಂದೇ ಒಂದು ಸೆಲ್ 3.65 ವೋಲ್ಟ್ ದಾಟಿದರೂ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಚಾರ್ಜಿಂಗ್ ಕಡಿಯುತ್ತದೆ, ಜೊತೆಗೆ ರೀಜೆನ್ ಬ್ರೇಕೂ ಹೋಗುತ್ತದೆ. ಚಾರ್ಜರನ್ನು 82.8 ವೋಲ್ಟಿಗೆ ಇಳಿಸಿದರೂ ಸಾಲದು. ಎಲ್‌ಎಫ್‌ಪಿ ಅಷ್ಟರಲ್ಲೇ ಬಹುತೇಕ ತುಂಬಿರುತ್ತದೆ. ವೋಲ್ಟೇಜ್ ನಂಬಬೇಡಿ, ಆಂಪಿಯರ್-ಅವರ್ ಎಣಿಸಿ.

ಕ್ರಮ ಮುಖ್ಯ. ಮೊದಲು 87.6 ವೋಲ್ಟಿನವರೆಗೆ ಚಾರ್ಜ್ ಮಾಡಿ, ಸೆಲ್‌ಗಳೆಲ್ಲ ಸಮ ಆಗುವವರೆಗೆ ಬಿಡಿ. ಆಗ ಶಂಟ್ ಮೀಟರಿನಲ್ಲಿ (ಒಳಹೋದ, ಹೊರಬಂದ ಆಂಪಿಯರ್-ಅವರ್ ಎಣಿಸುವ ಮೀಟರ್) 100% ಎಂದು ಗುರುತಿಸಿ. ಆಮೇಲೆ ಮೀಟರಿನ ರಿಲೇ ಚಾರ್ಜರನ್ನು 80%ಕ್ಕೆ ನಿಲ್ಲಿಸುವಂತೆ ಮಾಡಿ. ಕೊನೆಗೆ ಕಂಟ್ರೋಲರ್: ರೀಜೆನ್ ಮಿತಿ 40 ಆಂಪಿಯರ್, ಬ್ಯಾಟರಿ 82 ವೋಲ್ಟ್ ದಾಟಿದ ಮೇಲೆ ಆ ಮಿತಿ ಕಡಿಮೆಯಾಗುತ್ತಾ 85 ವೋಲ್ಟಿಗೆ ಸೊನ್ನೆ. ಬಿಎಂಎಸ್ ಕಡಿಯುವ ಮೊದಲೇ ಬ್ರೇಕ್ ಮೆಲ್ಲಗೆ ಸಡಿಲವಾಗುತ್ತದೆ, ಕಾಲಿಗೆ ಗೊತ್ತಾಗುತ್ತದೆ.

ಘಾಟಿಯಲ್ಲಿ ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಬೇಡಿ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಓಡುವುದು ಅದರಿಂದಲೇ.