ಜಗಲಿಯ ನೆರಳನ್ನು ಬರೆಯುವುದು

ಕಟ್ಟಡಗಳನ್ನು ನೋಡಿ ಚಿತ್ರ ಬರೆಯುತ್ತೇನೆ ಎಂದರೆ ಮುಂಬಯಿಯ ನಮ್ಮವರು ಕ್ಯಾನ್ವಾಸಿನಲ್ಲಿ ಕಿಟಕಿ, ಕಮಾನು ಹುಡುಕುತ್ತಾರೆ. ಸಿಗುವುದು ಎರಡೋ ಮೂರೋ ಬಣ್ಣದ ಪಟ್ಟೆ. ಕಟ್ಟಡದ ವಿವರಗಳನ್ನು ಅಳಿಸುವುದು ಸುಲಭ. ಏನನ್ನು ಉಳಿಸಬೇಕೆಂದು ತಿಳಿಯಬೇಕಾದರೆ ಆ ಕಟ್ಟಡ ಹಾಗೇಕೆ ಇದೆ ಎಂಬುದು ಮೊದಲು ಗೊತ್ತಿರಬೇಕು.

ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ವಸತಿ ಗೋಪುರವನ್ನೇ ನೋಡಿ. ಕಂಬಾಲಾ ಹಿಲ್‌ನ ಈ 28 ಮಹಡಿಗಳ ಕಟ್ಟಡ ಮುಗಿದದ್ದು 1983ರಲ್ಲಿ. ಮುಂಬಯಿಯಲ್ಲಿ ಗಾಳಿ ಬರುವುದೂ ಸಮುದ್ರ ಕಾಣುವುದೂ ಪಶ್ಚಿಮಕ್ಕೆ. ಸಂಜೆಯ ಬಿಸಿಲು, ಮಳೆಯ ಹೊಡೆತವೂ ಅದೇ ಕಡೆಯಿಂದ. ಹಳೆಯ ಬಂಗಲೆಗಳು ಸುತ್ತಲೂ ಜಗಲಿ ಇಟ್ಟು ಇದನ್ನು ನಿಭಾಯಿಸಿದ್ದವು. ಕೊರಿಯಾ ಆ ಜಗಲಿಯನ್ನೇ ಎರಡು ಮಹಡಿ ಎತ್ತರದ ತೆರೆದ ತಾರಸಿಯಾಗಿಸಿ ಗೋಪುರದ ಮೂಲೆಗಳಲ್ಲಿ ಕೊರೆದರು. ನಾನು ಗೋಪುರವನ್ನು ಬಿಟ್ಟು ಆ ಮೂಲೆಯ ನೆರಳನ್ನಷ್ಟೇ ತೆಗೆದುಕೊಂಡೆ.

ಮೊಬೈಲಿನಲ್ಲಿ ಫೋಟೊ ತೆಗೆಯುವುದಿಲ್ಲ, ಅದು ಎ.ಸಿ. ಪೆಟ್ಟಿಗೆಯನ್ನೂ ಒಣಹಾಕಿದ ಟವೆಲನ್ನೂ ಬಿಡದೆ ಹೊತ್ತು ತರುತ್ತದೆ. ರಸ್ತೆ ಬದಿ ನಿಂತು ಪೆನ್ಸಿಲಿನಲ್ಲಿ ಬೆಳಕು, ಕತ್ತಲು ಮಾತ್ರ ಗುರುತು ಮಾಡಿಕೊಳ್ಳುತ್ತೇನೆ. ಮನೆಯಲ್ಲಿ ಬೂದು ಕಾಗದ ಕತ್ತರಿಸಿ ರಟ್ಟಿನ ಮೇಲೆ ಜೋಡಿಸಿ, ಒಂದೊಂದೇ ತುಂಡು ತೆಗೆಯುತ್ತ ಹೋಗುತ್ತೇನೆ. ಯಾವುದನ್ನು ತೆಗೆದಾಗ ಆಳ ಮಾಯವಾಗುತ್ತದೋ ಅದು ಮರಳಿ ತನ್ನ ಜಾಗಕ್ಕೆ.

ಬಣ್ಣಗಳು ಇಷ್ಟು ಕಡಿಮೆಯಿದ್ದಾಗ ಅಂಚು ಕೆಟ್ಟರೆ ಎಲ್ಲ ಕೆಟ್ಟಂತೆ. ಕ್ಯಾನ್ವಾಸಿಗೆ ಮೊದಲು ಜೆಸ್ಸೊ ಎಂಬ ಬಿಳಿ ತಳಲೇಪ ಹಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ತಳದ ಬಣ್ಣ ಬಳಿದು ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಟೇಪಿನ ಅಂಚಿನುದ್ದಕ್ಕೂ ಮತ್ತೆ ತಳದ ಬಣ್ಣವನ್ನೇ ತೆಳುವಾಗಿ ಎಳೆಯಬೇಕು. ಸಂದಿಗೆ ನುಗ್ಗಿದ್ದು ಅದೇ ಬಣ್ಣವಾದ್ದರಿಂದ ಕಾಣುವುದಿಲ್ಲ. ಅದು ಒಣಗಿದ ಮೇಲೆ ನೆರಳಿನ ಬಣ್ಣ. ಟ್ಯೂಬಿನ ಕಪ್ಪು ನನಗೆ ಹಿಡಿಸದು, ಸತ್ತ ಬಣ್ಣ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬೆರೆಸಿದರೆ ಗಾಳಿಯಾಡುವ ಕತ್ತಲು ಸಿಗುತ್ತದೆ. ಈ ಪದರ ಪೂರ್ತಿ ಒಣಗುವ ಮೊದಲೇ ಟೇಪ್ ಕೀಳುತ್ತೇನೆ. ಜುಲೈ ತಿಂಗಳ ತೇವದಲ್ಲಿ ಬೇಗ ಒಣಗುವ ಅಕ್ರಿಲಿಕ್ ಬಣ್ಣ ಕೂಡ ಗಟ್ಟಿಯಾಗದೆ ಟೇಪಿನ ಜೊತೆ ತಳವೇ ಎದ್ದು ಬರುತ್ತದೆ, ಆಗ ಕಾಗದದ ಕೆಲಸವೇ ವಾಸಿ.

ಹಳೆ ಗೋವಾದ ಬೋಂ ಜೀಸಸ್ ಬೆಸಿಲಿಕಾ ಚರ್ಚಿಗೂ ಇದೇ ಕ್ರಮ. ನಮ್ಮ ಕರಾವಳಿಯವರು ಮುರಕಲ್ಲು ಎನ್ನುವ ಕೆಂಪು ಕಲ್ಲಿನ ಗೋಡೆಗಳು. ಮೇಲಿದ್ದ ಗಾರೆಯನ್ನು ಕಳೆದ ಶತಮಾನದಲ್ಲಿ ತೆಗೆದದ್ದರಿಂದ ಕಲ್ಲು ಮಳೆಗೆ ನೇರವಾಗಿ ಒಡ್ಡಿಕೊಂಡಿದೆ. ನನ್ನ ಚಿತ್ರ ಪೂರ್ತಿ ಕೆಂಪು. ಮಳೆ ಬೀಸುವ ಪಶ್ಚಿಮವೆಂದು ಎಡದ ಅಂಚಿಗೆ ಮಾತ್ರ ಬೆರಳಗಲ ಸುಣ್ಣದ ಬಿಳಿ. ಯಾವ ದೇಶದ ಬಾವುಟ ಎಂದು ಕೇಳಿದವರಿದ್ದಾರೆ. ಮುರಕಲ್ಲಿನ ಮನೆಯಲ್ಲಿ ಬೆಳೆದ ನಮ್ಮ ಅತ್ತಿಗೆ ಮಾತ್ರ, ‘ಆ ಬದಿಗೆ ಇನ್ನೂ ಸ್ವಲ್ಪ ಸುಣ್ಣ ಬೇಕಿತ್ತು’ ಎಂದರು.